ಓತಿಕ್ಯಾತ ತಡವಾಗಿ ತಲೆ ಬಗ್ಗಿಸಿದ್ದು

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಹಸಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ನದಿ ಗಾಳಿಯನ್ನು ಕೇಳಿಕೊಂಡು ಹರಿಯುತ್ತಿದ್ದ ಕಾಲ.

ಆ ನದಿಯ ದಡದಲ್ಲಿ ಉಡಜ್ಜನೆಂಬ ಮುದಿ ಉಡ ಒಂದು ಗರಡಿ ನಡೆಸುತ್ತಿದ್ದ. ಕುಸ್ತಿ ಕಲಿಯಲು ಕಪ್ಪೆ ಬರುತ್ತಿತ್ತು, ಅಳಿಲು ಬರುತ್ತಿತ್ತು. ಕ್ಯಾತನೆಂಬ ಎಳೆಯ ಓತಿಯೂ ಬರುತ್ತಿದ್ದ. ಒಣಗಿದ ಎಲೆಯ ಬಣ್ಣ ಅವನದು, ತಲೆಯಿಂದ ಬಾಲದವರೆಗೂ.

ಗರಡಿಗೆ ಇದ್ದದ್ದು ಒಂದೇ ಕಟ್ಟಳೆ. ಕುಸ್ತಿಗೆ ಇಳಿಯುವ ಮುಂಚೆ ಎದುರಾಳಿಗೆ ತಲೆ ಬಗ್ಗಿಸಬೇಕು, ಹಣೆ ಮಣ್ಣಿಗೆ ತಾಗುವಷ್ಟು.

"ಯಾಕಜ್ಜ?" ಎಂದು ಕ್ಯಾತ ಕೇಳಿದ್ದ.

"ಎದುರಿಗೆ ನಿಂತವನಿಗೂ ನೋವಾಗುತ್ತೆ ಕಣೋ ಮಗ. ಮೈಮೇಲೆ ಬೀಳೋ ಮುಂಚೆ ಅದು ನೆನಪಾಗಲಿ ಅಂತ."

ಕ್ಯಾತ ಬೇಗ ಕಲಿತ. ಕಪ್ಪೆಯನ್ನು ಕೆಡವಿದ. ಅಳಿಲನ್ನು ಕೆಡವಿದ. ಕೆಡವಿದಷ್ಟೂ ಅವನ ತಲೆ ಬಗ್ಗುವುದು ಕಡಿಮೆಯಾಯಿತು. ಮೊದಲು ಹಣೆ ಮಣ್ಣಿಗೆ ತಾಗದಾಯಿತು. ಆಮೇಲೆ ಕತ್ತೇ ಅಲುಗದಾಯಿತು.

ಗರಡಿಯಲ್ಲಿ ಬಿಟ್ಟ ಅಭ್ಯಾಸ ಹೊರಗೂ ಬಿಟ್ಟುಹೋಯಿತು. ಕೊಂಬೆಯ ಮೇಲೆ ಇರುವೆಗಳು ಎದುರಾದರೆ ತುಳಿದುಕೊಂಡೇ ನಡೆದ. ನೀರಿಗೆ ಬಂದ ಮುದಿ ಆಮೆಯನ್ನು ಭುಜದಿಂದ ತಳ್ಳಿ ಮುಂದೆ ನಿಂತ.

"ಸ್ವಲ್ಪ ತಗ್ಗಿ ನಡಿಯಪ್ಪ," ಎಂದಿತು ಗಾಳಿ.

"ನನ್ನನ್ನು ತಗ್ಗಿಸೋರು ಯಾರಿದ್ದಾರೆ ತೋರಿಸು," ಎಂದ ಕ್ಯಾತ.

ಮಾತು ಉಡಜ್ಜನ ಕಿವಿಗೆ ಬಿತ್ತು. ಅವನು ಬೈಯಲಿಲ್ಲ. "ನಾಳೆ ಬೆಳಿಗ್ಗೆ ನನ್ನ ಜೊತೆ ಕುಸ್ತಿ ಹಿಡಿ," ಎಂದಷ್ಟೇ ಹೇಳಿದ.

ಬೆಳಿಗ್ಗೆ ಎಲ್ಲರೂ ಸೇರಿದರು. ಉಡಜ್ಜ ನಿಧಾನವಾಗಿ ಬಂದು ತನ್ನ ಶಿಷ್ಯನ ಎದುರು ನಿಂತ. ಹರೆಯದ ಹುಡುಗನೇ ಆಗಲಿ, ಎದುರಾಳಿ ಎದುರಾಳಿಯೇ. ಅಜ್ಜ ತಲೆ ಬಗ್ಗಿಸಿದ, ಹಣೆ ಮಣ್ಣಿಗೆ ತಾಗುವಷ್ಟು.

ಬಗ್ಗಿದ ಆ ಕತ್ತು ಕ್ಯಾತನ ಕಣ್ಣಿಗೆ ಬಿತ್ತು. ಇಷ್ಟು ಸುಲಭವಾಗಿ ಇನ್ನೆಂದೂ ಸಿಗುವುದಿಲ್ಲ ಅನ್ನಿಸಿತು. ಅವನು ಹಾರಿದ. ಕತ್ತನ್ನು ಎದೆಗೆ ಅವುಚಿ ಹಿಡಿದು ತಿರುಚಿದ.

ಏನೋ ಲಟಕ್ಕೆಂದಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಪ್ಪೆ ಮುಖ ತಿರುಗಿಸಿತು. ಅಜ್ಜನ ಬಾಯಿಂದ ಇಳಿದ ರಕ್ತ ಕ್ಯಾತನ ಕತ್ತಿನ ಮೇಲೆಲ್ಲ ಹರಿದಿತ್ತು.

"ಅಜ್ಜ, ಗೆದ್ದೆ," ಎಂದ ಕ್ಯಾತ. ದನಿ ಅವನದೇ ಅನ್ನಿಸಲಿಲ್ಲ.

ಉಡಜ್ಜ ಅವನತ್ತ ಕಣ್ಣೆತ್ತಿದ. "ಈ ಪಟ್ಟು ನಾನು ಕಲಿಸಿದ್ದಲ್ಲ," ಎಂದ. ಅಷ್ಟೇ.

ಆಗ ಕ್ಯಾತ ತಲೆ ಬಗ್ಗಿಸಿದ. ಮತ್ತೆ ಬಗ್ಗಿಸಿದ. ಮತ್ತೆ ಮತ್ತೆ ಬಗ್ಗಿಸಿದ. ಅಜ್ಜನ ಕಣ್ಣು ತೆರೆದೇ ಇತ್ತು, ನೋಡುತ್ತಿರಲಿಲ್ಲ.

ಕತ್ತು ತೊಳೆಯಲು ಅವನು ನದಿಗೆ ಓಡಿದ. "ತೊಳಿಯಮ್ಮ," ಎಂದು ಬೇಡಿಕೊಂಡ.

ನದಿ ತೊಳೆಯಿತು. ಮಣ್ಣು ಹೋಯಿತು, ಕೆಂಪು ಹೋಗಲಿಲ್ಲ. "ನನ್ನ ಕೈಲಾಗೋದು ಇಷ್ಟೇ," ಎಂದು ನದಿ ಮುಂದೆ ಹರಿಯಿತು.

ಹಿಂತಿರುಗಿ ಬಂದಾಗ ಗರಡಿ ಖಾಲಿ. ಕುಸ್ತಿಗೆ ಕರೆದರೆ ಅಳಿಲು ಮರ ಹತ್ತಿತು, ಕಪ್ಪೆ ನೀರಿಗೆ ಹಾರಿತು. ಅವರ ಬೆನ್ನಿಗೂ ಕ್ಯಾತ ತಲೆ ಬಗ್ಗಿಸಿದ. ಯಾರೂ ತಿರುಗಿ ಬಗ್ಗಿಸಲಿಲ್ಲ. ಗರಡಿಯ ಮೇಲೆ ಮುಳ್ಳುಗಿಡ ಬೆಳೆಯಿತು. ಅದರ ತುದಿಯಲ್ಲಿ ಅವನೊಬ್ಬನೇ ಕೂತ.

ಅದಕ್ಕೇ ಪುಟ್ಟ, ಬಿಸಿಲೇರಿದ ಮೇಲೆ ಬೇಲಿಯ ಕಡೆ ನೋಡು: ಕೆಂಪು ಕತ್ತಿನ ಓತಿಕ್ಯಾತ ಒಂದು ಗೂಟದ ಮೇಲೆ ಕೂತು, ಎದುರಿಗೆ ಯಾರೂ ಇಲ್ಲದಿದ್ದರೂ, ತಲೆ ಬಗ್ಗಿಸುತ್ತಲೇ ಇರುತ್ತಾನೆ.