ಮೆತ್ತಣ್ಣನ ಚಿಗುರು ಕಾವಲು

ಬೇಸಿಗೆ ಬಂದರೆ ಹುಲ್ಲೆಲ್ಲ ಒಣಗಿ ಕಡ್ಡಿಯಾಗುವ ಒಂದು ಕಾಡಿನಲ್ಲಿ, ಹಳ್ಳದ ದಂಡೆಗೆ ಸುಬಾಬುಲ್ ಗಿಡಗಳ ಸಾಲಿತ್ತು. ವರ್ಷಕ್ಕೊಮ್ಮೆ ಆನೆಯಜ್ಜಿ ಬಂದು, ನೆಲದಿಂದ ಒಂದು ಗೇಣು ಬಿಟ್ಟು ಅವುಗಳನ್ನು ಮುರಿದುಹಾಕುತ್ತಿದ್ದಳು. ಮುರಿದಷ್ಟೂ ಅವು ಒತ್ತಾಗಿ ಚಿಗುರುತ್ತಿದ್ದವು. ಸೊಪ್ಪು ಬಲಿತ ಮೇಲೆ ಯಾರು ಬೇಕಾದರೂ ತಿನ್ನಬಹುದು. ಅಜ್ಜಿಯ ಕಟ್ಟಳೆ ಮಾತ್ರ ಒಂದಿತ್ತು: "ಮೂರು ಬಾಯಿ ಹುಲ್ಲು ತಿಂದವರಿಗೆ ಒಂದು ಬಾಯಿ ಸೊಪ್ಪು."

ಆ ವರ್ಷ ಚಿಗುರು ಕಾಯುವ ಕೆಲಸ ಮೆತ್ತಣ್ಣನೆಂಬ ಮೊಲಕ್ಕೆ ಬಂತು. ಅವನ ಮೈಗೂದಲು ಹತ್ತಿಯಷ್ಟು ಮೆತ್ತಗೆ. ದಿನಕ್ಕೆ ನಾಲ್ಕು ಸಲ ಅದನ್ನು ನೆಕ್ಕಿ ಓರಣ ಮಾಡಿಕೊಳ್ಳದಿದ್ದರೆ ಅವನಿಗೆ ಸಮಾಧಾನವಿಲ್ಲ.

ಒಂದು ದಿನ ಒಂದೆಲೆ ಕಚ್ಚಿ ನೋಡಿದ. ಆಹಾ! ಇಂಥದ್ದನ್ನು ಹಂಚಿಕೊಂಡು ತಿನ್ನುವುದೇ? ಅದಕ್ಕೆ ಒಣಹುಲ್ಲು ಬೇರೆ ಕೇಡು!

ಅಷ್ಟರಲ್ಲಿ ಜಿಂಕೆ ಚುಕ್ಕಮ್ಮ ಮರಿಯೊಂದಿಗೆ ಬಂದಳು.

"ಸೊಪ್ಪು ಬಲಿಯಿತೇನಪ್ಪಾ ಮೆತ್ತಣ್ಣಾ? ಬರೀ ಒಣಹುಲ್ಲು ತಿಂದು ನನಗೆ ಹಾಲೇ ಇಳಿಯುತ್ತಿಲ್ಲ. ಕೂಸು ಸೊರಗಿಹೋಗಿದೆ."

"ಅಲ್ಲೇ ನಿಲ್ಲು ತಾಯೀ! ಎಳೆ ಚಿಗುರು, ದೃಷ್ಟಿ ತಾಗಿದರೆ ಸುಟ್ಟುಹೋಗುತ್ತದೆ. ಈ ಕಡೆ ನೋಡಲೇಬೇಡ!"

ದೃಷ್ಟಿ ಎಂದ ಮೇಲೆ ನೋಡುವ ಧೈರ್ಯ ಯಾರಿಗಿದೆ? ಚುಕ್ಕಮ್ಮ ಮರಿಯನ್ನು ಕರೆದುಕೊಂಡು ತಿರುಗಿ ಹೋದಳು. ಉಳಿದವರೂ ಸುತ್ತುದಾರಿ ಹಿಡಿದು ಓಡಾಡಿದರು. ಮೆತ್ತಣ್ಣ ಎರಡು ವಾರ ಹೊಟ್ಟೆ ಬಿರಿಯುವಷ್ಟು ಸೊಪ್ಪು ಮೆದ್ದ.

ಒಂದು ಬೆಳಿಗ್ಗೆ ಬೆನ್ನು ನೆಕ್ಕಿಕೊಂಡ. ಬಾಯಿತುಂಬ ಕೂದಲು! ಉಗುಳಿದ. ಮತ್ತೆ ನೆಕ್ಕಿದ. ಇನ್ನೊಂದು ಬಾಯಿ ಕೂದಲು ಬಂತು. ಹಳ್ಳದ ನೀರಿಗೆ ಬಗ್ಗಿ ನೋಡಿದರೆ ಬೆನ್ನು ಬೋಳು, ಕೆಂಪಗೆ ಕಾಣುತ್ತಿತ್ತು. ಬಾಲವೂ ಬೋಳು.

"ಅಯ್ಯೋ ದೇವರೇ!" ಎಂದವನೇ ಆನೆಯಜ್ಜಿಯ ಬಳಿಗೆ ಓಡಿದ. ಒಂದೊಂದು ನೆಗೆತಕ್ಕೂ ಕೂದಲು ಗಾಳಿಗೆ ಹಾರಿತು. ಕಂಡ ಪ್ರಾಣಿಗಳೆಲ್ಲ ಬೆರಗಾಗಿ ಹಿಂದೆಯೇ ಬಂದವು.

ಅಜ್ಜಿ ಎತ್ತಿದ ಸೊಂಡಿಲನ್ನು ಇಳಿಸುವುದನ್ನೇ ಮರೆತಳು. "ಶಿವನೇ! ಯಾರೋ ನೀನು?"

"ನಾನಜ್ಜೀ, ಮೆತ್ತಣ್ಣ! ಸತ್ತುಹೋಗ್ತೀನೇನಜ್ಜೀ?"

"ಏನು ತಿಂದೆ? ನಿಜ ಹೇಳಿದರೆ ಮದ್ದು ಹೇಳುತ್ತೇನೆ."

ಸುತ್ತ ಎಲ್ಲರೂ ನಿಂತಿದ್ದರು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಜೀವವೇ ಹೋದೀತು. ಮೆತ್ತಣ್ಣ ನೆಲ ನೋಡಿದ. "ಸೊಪ್ಪು..."

"ಹುಲ್ಲು?"

"ಒಂದು ಕಡ್ಡಿಯೂ ಇಲ್ಲ."

"ಬರೀ ಅದನ್ನೇ ತುಂಬಿಕೊಂಡರೆ ಮೈಗೂದಲು ಉದುರುತ್ತದೆ ಕಣೋ! ಅದಕ್ಕೇ ಹುಲ್ಲಿನ ಕಟ್ಟಳೆ. ಸಾಯುವುದಿಲ್ಲ, ಹೋಗು. ಸೊಪ್ಪು ಬಿಟ್ಟು ಹುಲ್ಲು ತಿನ್ನು. ಕೂದಲು ಬರುತ್ತದೆ. ಅಲ್ಲಿಯವರೆಗೆ ಬಿಸಿಲು ತಡೆದುಕೋ."

ಚುಕ್ಕಮ್ಮ ಎರಡು ವಾರ ಕೂಸಿನ ಬಾಯಿಗೆ ಹಾಲಿಲ್ಲದಂತೆ ಮಾಡಿದವನನ್ನು ಕಣ್ಣು ಬಿಟ್ಟು ನೋಡಿದಳು. ಆಮೇಲೆ ಮರಿಯನ್ನು ಕರೆದುಕೊಂಡು ನೆಟ್ಟಗೆ ಹಳ್ಳದ ದಂಡೆಗೆ ನಡೆದಳು.

ಮರಿ ತಿರುತಿರುಗಿ ನೋಡುತ್ತಿತ್ತು. "ಅಮ್ಮಾ, ಅದು ಯಾವ ಪ್ರಾಣಿ?"

"ಅವರಾ?" ಎಂದಳು ಚುಕ್ಕಮ್ಮ. "ನಮ್ಮ ಕಾವಲುಗಾರರು ಮಗಾ."

ನೀತಿ: ಕಾಯಲೆಂದು ನಂಬಿ ಕೊಟ್ಟದ್ದನ್ನು ಕದ್ದು ತಿಂದರೆ ಅದು ಮೈಗೆ ಹತ್ತುವುದಿಲ್ಲ.