ಹೇಳದೆ ಕಡಿದ ಬಿದಿರು

ಹತ್ರ ಬನ್ನಿ, ಇನ್ನೂ ಹತ್ರ. ಈ ಕಥೆ ಕೂಗಿ ಹೇಳೋದಲ್ಲ. ಮುಗಿಲಗುಡ್ಡ ಅಂತ ಒಂದು ರಾಜ್ಯ ಇತ್ತಂತೆ. ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ, ನನಗೆ ಹೇಳಿದ ಅಜ್ಜಿನೂ ಅದನ್ನ ನೋಡಿರಲಿಲ್ಲ. ಆ ರಾಜ್ಯಕ್ಕೊಬ್ಬ ಅರಸ, ಹೆಸರು ಉದ್ದಂಡರಾಯ. ಚೆನ್ನಾಗಿ ಉಣ್ಣೋನು, ಚೆನ್ನಾಗಿ ನಿದ್ದೆ ಮಾಡೋನು, ಎಷ್ಟು ಹೊಗಳಿದ್ರೂ ಅರಗಿಸಿಕೊಳ್ಳೋನು. ಆದ್ರೆ ನಮ್ಮ ಕಥೆ ಅವನದಲ್ಲ ಬಿಡಿ. ನಮ್ಮ ಕಥೆ ಕೇತವ್ವಂದು.

ಗುಡ್ಡದ ಬುಡದಲ್ಲಿ ಮೇದರ ಕೇರಿ. ಹನ್ನೆರಡು ಮನೆ. ಬಿದಿರು ಸೀಳಿ ಮೊರ, ಬುಟ್ಟಿ, ಕೋಳಿ ಗೂಡೆ, ತೊಟ್ಟಿಲು ಹೆಣೆಯೋದು ಅವರ ಕಸುಬು. ಅಲ್ಲಿ ಯಾರಿಗೂ ಯಾರೂ ಯಜಮಾನರಲ್ಲ. ಅವರವರ ಜಗಲಿ, ಅವರವರ ಮಚ್ಚು, ಅವರವರ ಕೈ. ಮನಸ್ಸು ಬಂದ್ರೆ ಹೆಣೆಯೋರು, ಬರದಿದ್ರೆ ಕಾಲು ಚಾಚಿ ಎಲೆಯಡಿಕೆ ಹಾಕೋರು. ಆದ್ರೆ ಕೆಲಸ ಅಂದ್ರೆ ಕೆಲಸ ಕಣ್ರಪ್ಪ. ಕೇತವ್ವನ ಮೊರದಲ್ಲಿ ರಾಗಿ ಕೇರಿದ್ರೆ ಒಂದೇ ಒಂದು ಕಲ್ಲೂ ಉಳೀತಿರಲಿಲ್ಲ. ಅವಳ ಗಂಡ ಮುದ್ದೀರಯ್ಯ ಹೆಣೆದ ತೊಟ್ಟಿಲಲ್ಲಿ ಮಲಗಿಸಿದ್ರೆ ಎಂಥ ಹಟಮಾರಿ ಕೂಸೂ ಕಣ್ಣು ಮುಚ್ಚೋದು.

ಅವರಲ್ಲೊಂದು ಪದ್ಧತಿ ಇತ್ತು. ಮಚ್ಚು ಎತ್ತೋಕೆ ಮೊದಲು ಬಿದಿರಿಗೆ ಹೇಳಬೇಕು. ಗಳದ ಮೇಲೆ ಅಂಗೈ ಇಟ್ಟು, ನಿನ್ನನ್ನ ಏನು ಮಾಡ್ತೀವಿ, ಯಾರ ಮನೆಗೆ ಕೊಡ್ತೀವಿ ಅಂತ ಹೇಳಬೇಕು. "ತಾಯೀ, ನಿನ್ನನ್ನ ಮೊರ ಮಾಡ್ತೀನಿ. ಹೊಸಕೆರೆ ದ್ಯಾವಕ್ಕನ ಮನೆಗೆ ಹೋಗ್ತೀಯ." ಅಷ್ಟೇ ಮಾತು. ಹೇಳಿ, ಗಳಕ್ಕೆ ಕಿವಿ ಇಟ್ಟು ಕಾಯಬೇಕು. ಗಾಳಿಯೋ, ಒಳಗಿನ ಟೊಳ್ಳೋ, "ಹೂಂ" ಅಂದಂಗೆ ಕೇಳೋದು. ಆಮೇಲೆ ಮಚ್ಚು. ಕಡಿಯೋನೇ ಹೇಳಬೇಕು, ಆಳು ಕಡಿದ್ರೆ ಕಡಿಸಿದೋನು ಹೇಳಬೇಕು. ಬೇರೆಯೋರ ಮಾತನ್ನ ಬಿದಿರು ಕಿವಿಗೆ ಹಾಕಿಕೊಳ್ಳಲ್ಲ.

ಹೇಳದೆ ಕಡಿದ್ರೆ ಏನಾಗುತ್ತೆ? ಕೇರೀಲಿ ಯಾರಿಗೂ ಗೊತ್ತಿರಲಿಲ್ಲ. ಹಂಗೆ ಯಾರೂ ಕಡಿದೇ ಇರಲಿಲ್ಲ.

ಒಂದು ಸಲ ಉದ್ದಂಡರಾಯ ಪಕ್ಕದ ರಾಜ್ಯಕ್ಕೆ ನೆಂಟನಾಗಿ ಹೋದ. ಮೊದಲನೇ ದಿನ ಅಲ್ಲಿನ ರಾಣಿ ಒಂದು ಮೊರ ತೋರಿಸಿ, "ಇದು ನಿಮ್ಮೂರ ಕೇತವ್ವ ಹೆಣೆದದ್ದಂತೆ, ಎಂಥ ಕೈ ರೀ ಅವಳದು!" ಅಂದಳು. ಎರಡನೇ ದಿನ ಮೊಮ್ಮಗಳ ತೊಟ್ಟಿಲು ತೋರಿಸಿ, "ಇದು ನಿಮ್ಮೂರ ಮುದ್ದೀರಯ್ಯಂದು" ಅಂದಳು. ಮೂರನೇ ದಿನ ಹೂವಿನ ಬುಟ್ಟಿ ತೋರಿಸಿ, ಅದೇ ಕೇರಿಯ ಮುದುಕ ಗುಳ್ಳಪ್ಪನ ಹೆಸರು ಹೇಳಿದಳು. ಮೂರು ದಿನ, ಮೂರು ಹೆಸರು. ಅರಸನ ಹೆಸರು ಒಂದು ಸಲಾನೂ ಬರಲಿಲ್ಲ. ಹೊಟ್ಟೆ ಉರಿದುಹೋಯ್ತು ಅವನಿಗೆ.

"ಗುಡ್ಡ ನಂದು, ಬಿದಿರು ನಂದು, ನೆಲ ನಂದು. ಹೆಸರು ಮಾತ್ರ ಆ ಮೇದರದ್ದಾ?" ಅಂದ.

ಊರಿಗೆ ಬಂದವನೇ ಸಿಪಾಯಿಗಳನ್ನ ಗುಡ್ಡಕ್ಕೆ ಅಟ್ಟಿದ. ಅರವತ್ತು ಗಾಡಿ ಬಿದಿರು ಕಡಿಸಿ ತಂದ. ಅರಮನೆ ಮಗ್ಗುಲಲ್ಲಿ ಉದ್ದನೆ ಕೊಟ್ಟಿಗೆ ಕಟ್ಟಿಸಿ, ಕೇರಿಯ ಗಂಡಸು ಹೆಂಗಸು ಎಲ್ಲರನ್ನೂ ಎಳೆದು ತಂದು ಅದರೊಳಗೆ ಕೂರಿಸಿದ. ಹೆಣೆದ ಪ್ರತಿ ಸಾಮಾನಿಗೂ ಕಾದ ಕಬ್ಬಿಣದಿಂದ ಅರಸನ ಮುದ್ರೆ ಒತ್ತಬೇಕು. ಮನೆಗೊಂದು ಅಂತ ಪ್ರಜೆಗಳು ತಗೊಳ್ಳಲೇಬೇಕು. ಮುದುಕ ಗುಳ್ಳಪ್ಪ ಕೈ ಮುಗಿದು, "ಬುದ್ದೀ, ಬಿದಿರಿಗೆ ಯಾರೂ ಹೇಳಿಲ್ಲ" ಅಂದ. ಅರಸ ಬಿದ್ದು ಬಿದ್ದು ನಕ್ಕ. "ಬಿದಿರಿಗೆ ಹೇಳೋದಂತೆ! ನಾಳೆ ಕುರೀನ ಕೇಳಿ ಸಾರಿಗೆ ಒಗ್ಗರಣೆ ಹಾಕ್ತಾರೇನೋ ಇವರು!"

ಆ ಹೊತ್ತಿಗೆ ಕೇತವ್ವ ಊರಲ್ಲಿರಲಿಲ್ಲ. ತಂಗಿ ಬಾಣಂತನಕ್ಕೆ ಅಂತ ಹೋಗಿದ್ದಳು. ಮೂರು ವಾರ ಕಳೆದು ಬಂದಳು. ನಡು ಮಧ್ಯಾಹ್ನ. ಕೇರೀಲಿ ಒಂದು ನರಪಿಳ್ಳೆಯೂ ಇಲ್ಲ. ಹನ್ನೆರಡು ಜಗಲಿಯ ಮೇಲೂ ಅರ್ಧ ಹೆಣೆದ ಸಾಮಾನು. ಅವಳ ಮನೆ ಬಾಗಿಲು ತೆರೆದೇ ಇತ್ತು, ಒಲೆ ಮೇಲಿದ್ದ ಹಿಟ್ಟಿನ ಮಡಕೆ ಬೂಸಲು ಹಿಡಿದಿತ್ತು. ಗಂಡನ ಮಚ್ಚು ಹೊಸ್ತಿಲಲ್ಲೇ ಬಿದ್ದಿತ್ತು. ಮಚ್ಚು ಬಿಟ್ಟು ಹೋಗೋ ಗಂಡಸಲ್ಲ ಅವನು. ಅಂಗಳದ ಮಣ್ಣಲ್ಲಿ ಸಿಪಾಯಿಗಳ ಜೋಡಿನ ಗುರುತು, ಅರಮನೆ ದಾರಿ ಹಿಡಿದಿತ್ತು. ನಿಂತ ಕಾಲಲ್ಲೇ ಅರಮನೆ ಕಡೆ ಹೊರಟಳು.

ದಾರೀಲಿ ಮೂರು ಮನೆ. ಮೊದಲನೇ ಮನೆ ಮುಂದೆ ಒಬ್ಬಳು ಅಕ್ಕಿ ಕೇರ್ತಿದ್ದಳು. ಅಕ್ಕಿಯೆಲ್ಲ ಮಣ್ಣಿಗೆ ಬೀಳ್ತಿತ್ತು, ಮೊರದಲ್ಲಿ ಹೊಟ್ಟು ಕಲ್ಲು ಉಳೀತಿತ್ತು. "ಅಕ್ಕಾ, ಏನು ಮಾಡ್ತಿದೀಯ?" ಅಂದ್ರೆ, "ಮೊರ ಹೇಳಿದಂಗೆ ಮಾಡ್ತಿದೀನಿ" ಅಂದಳು.

ಎರಡನೇ ಮನೇಲಿ ಕೋಳಿಗಳನ್ನ ಹೊಸ ಗೂಡೇಲಿ ಮುಚ್ಚಿದ್ರು. ಒಂದೂ ಕೊಕ್ ಅನ್ನಲಿಲ್ಲ. ಕಾಳು ಎರಚಿದ್ರೆ ಕಾಳು ಯಾವುದು ಅಂತ ಗೊತ್ತಾಗದೆ ಸುಮ್ಮನೆ ನಿಂತಿದ್ದವು.

ಮೂರನೇ ಮನೇಲಿ ತೊಟ್ಟಿಲು. ತೂಗೋರು ಯಾರೂ ಇಲ್ಲ, ತನ್ನಷ್ಟಕ್ಕೆ ತಾನೇ ತೂಗ್ತಿತ್ತು. ಒಳಗೆ ಆರು ತಿಂಗಳ ಕೂಸು, ಕಣ್ಣು ಬಿಟ್ಟುಕೊಂಡು. ತಾಯಿ ಗೋಡೆ ಹಿಡಿದು ಅಳ್ತಿದ್ದಳು. "ಮೂರು ದಿನ ಆಯ್ತು ಕಣವ್ವ, ಇದು ಅತ್ತಿಲ್ಲ. ಎತ್ತಿಕೊಂಡ್ರೆ ನಾನ್ಯಾರೋ ಅನ್ನೋ ಹಂಗೆ ನೋಡುತ್ತೆ. ಹಾಲು ಕೊಟ್ರೆ ಹಾಲು ಏನು ಅಂತ ಮರ್ತಿದೆ. ಅರಸ ಕಡಿಸಿ ತಂದ ಬಿದಿರಲ್ಲಿ, ಅರಮನೆ ಕೊಟ್ಟಿಗೇಲಿ ಮೂರು ವಾರದಿಂದ ನಿಮ್ಮೋರೇ ಹೆಣೀತಿರೋ ಸಾಮಾನಂತೆ ಇದು." ಕೇತವ್ವ ತೊಟ್ಟಿಲ ಅಂಚು ಮುಟ್ಟಿದಳು. ಹೆಣಿಗೆ ಗಂಡಂದೇ, ಅನುಮಾನ ಇಲ್ಲ. ಮುದ್ರೆ ಮಾತ್ರ ಅರಸಂದು. ಬಗ್ಗಿ ಕಿವಿ ಇಟ್ಟಳು. ಬಿದಿರೊಳಗಿಂದ ಸಣ್ಣಗೆ ಒಂದು ದನಿ ಬಂತು. "ನಾನೇನು? ನಾನೇನು?"

ಆಗ ಅವಳಿಗೆ ಗೊತ್ತಾಯ್ತು. ತಾನೇನು ಅಂತ ಯಾರೂ ಹೇಳದ ಬಿದಿರು, ಮುಟ್ಟಿದೋರಿಂದ ಅದನ್ನ ಕಿತ್ಕೊಳ್ತಿದೆ. ಕೂಸು ಮೂರು ದಿನ ಮಲಗಿದ್ದಕ್ಕೆ ಹಿಂಗಾದ್ರೆ, ಮೂರು ವಾರದಿಂದ ಹೆಣೀತಿರೋ ತನ್ನ ಗಂಡನ ಗತಿ ಏನು? ಅಯ್ಯೋ ಶಿವನೇ ಅಂತ ಓಡಿದಳು.

ಕೊಟ್ಟಿಗೆ ಬಾಗಿಲಲ್ಲಿ ಕಾವಲುಗಾರ ಬಿದಿರ ಪೀಠದ ಮೇಲೆ ಕೂತಿದ್ದ. ಯಾರು ನೀನು ಅಂತ ಗದರಬೇಕಾದೋನು, "ನಾನ್ಯಾರವ್ವ?" ಅಂತ ಅವಳನ್ನೇ ಕೇಳಿದ. ಒಳಗೆ ಇಡೀ ಕೇರಿಯೇ ಸಾಲಾಗಿ ಕೂತಿತ್ತು. ಹಾಡಿಲ್ಲ, ಹರಟೆಯಿಲ್ಲ, ಒಬ್ಬರು ಕೆಮ್ಮೋದೂ ಇಲ್ಲ. ಬೆರಳುಗಳು ಮಾತ್ರ ಓಡ್ತಿದ್ದವು. ಎಲ್ಲರ ತುಟಿ ಒಟ್ಟಿಗೆ ಅಲ್ಲಾಡ್ತಿತ್ತು. ನಾನೇನು, ನಾನೇನು.

ಮೂಲೇಲಿ ಮುದ್ದೀರಯ್ಯ. ಕೇತವ್ವ ಹತ್ತಿರ ಕೂತು, "ಇವ್ರೇ" ಅಂದಳು. ತಲೆ ಎತ್ತಲಿಲ್ಲ. "ಏನಂದ್ರೇ, ನಾನು ಬಂದಿದೀನಿ ನೋಡಿ" ಅಂದಳು. ಬೆರಳು ನಿಲ್ಲಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ, ಒಂದು ದಿನವೂ ಗಂಡನ ಹೆಸರು ಹಿಡಿದು ಕರೆದೋಳಲ್ಲ. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಮೂರನೇ ಸಲ ಕರೆದಳು. "ಮುದ್ದೀರಯ್ಯಾ!"

ಅವನು ತಲೆ ಎತ್ತಿ ನೋಡಿದ. "ಅದೇನದು?" ಅಂದ. "ಯಾವುದಾದ್ರೂ ಊರಿನ ಹೆಸರಾ?"

ಕೇತವ್ವ ಅಲ್ಲೇ ಕುಸಿದು ಅತ್ತಳು. ಜೀವ ಹೋದ್ರೆ ಮಣ್ಣು ಮಾಡಿ ಮರೀಬಹುದು, ಎದುರಿಗೇ ಕೂತ ಗಂಡ ಗಂಡನಾಗಿ ಉಳಿಯದಿದ್ರೆ ಏನು ಮಾಡೋದು? ಒಂದು ಸೀಳು ಎತ್ತಿಕೊಂಡು, "ನೀನು ಮೊರ ಕಣವ್ವ, ನೀನು ತೊಟ್ಟಿಲು" ಅಂತ ಹೇಳಿ ನೋಡಿದಳು. ಬಿದಿರು ಕೇಳಲಿಲ್ಲ. ಅವಳು ಕಡಿದಿದ್ದಲ್ಲವಲ್ಲ! ಕಡಿಸಿದೋನೇ ಬಾಯಿ ಬಿಡಬೇಕು. ಅವನೋ, ಹೇಳು ಅಂದ್ರೆ ಹೇಳೋ ಆಸಾಮಿ ಅಲ್ಲ. ಕಣ್ಣು ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ನೇರವಾಗಿ ಅರಸನ ಓಲಗಕ್ಕೆ ಹೋಗಿ ಅಡ್ಡಬಿದ್ದಳು.

"ಬುದ್ದೀ, ಒಂದೇ ಒಂದು ಬೇಡಿಕೆ. ನೀವು ಮಾತ್ರ ಆ ಬಿದಿರಿನ ಮುಂದೆ ಬಾಯಿ ಬಿಡಬೇಡಿ."

"ಯಾಕೆ?"

"ಕಡಿಸಿದೋರು ನೀವು. ಇದು ಇಂಥೋರಿಗೆ ಅಂತ ನಿಮ್ಮ ಬಾಯಲ್ಲಿ ಬಂದ್ರೆ ಮುಗೀತು, ಬಿದಿರು ಅವರದೇ ಆಗಿಬಿಡುತ್ತೆ. ಆಮೇಲೆ ನಮ್ಮ ಬಡಪಾಯಿ ಕೇರಿಗೆ ಒಂದು ಕಡ್ಡೀನೂ ದಕ್ಕಲ್ಲ."

ಉದ್ದಂಡರಾಯನ ಕಣ್ಣು ಅಗಲ ಆಯ್ತು. ಅಷ್ಟೇನಾ! ಎದ್ದವನೇ ಕೊಟ್ಟಿಗೆ ಕಡೆ ದಾಪುಗಾಲು ಹಾಕಿದ. ಪರಿವಾರ ಹಿಂದೆ, ಕೇತವ್ವ ಅದರ ಹಿಂದೆ. ಅರಸ ಬಿದಿರ ರಾಶಿ ಮೇಲೆ ಅಂಗೈ ಊರಿದ.

"ಮೊರ ಆದ್ರೂ ನೀನು ನನಗೇ" ಅಂದ.

"ಯೋಚನೆ ಮಾಡಿ ಬುದ್ದೀ" ಅಂದಳು ಕೇತವ್ವ.

"ತೊಟ್ಟಿಲಾದ್ರೂ ನೀನು ನನಗೇ."

"ಬೇಡ ಬುದ್ದೀ, ನಿಮ್ಮ ಕಾಲಿಗೆ ಬೀಳ್ತೀನಿ."

"ಈ ಗುಡ್ಡದ ಬಿದಿರು ಏನೇ ಆಗಲಿ, ಎಲ್ಲಾ ನನಗೆ! ನನಗೊಬ್ಬನಿಗೇ!"

"ಹೂಂ" ಅಂತು ರಾಶಿ. "ಹೂಂ" ಅಂತು ಗಾಡಿಗಳಲ್ಲಿ ಉಳಿದಿದ್ದ ಬಿದಿರು. ದೂರದ ಗುಡ್ಡದಲ್ಲಿ ಕಡಿದು ಉಳಿದ ಮೋಟುಗಳೂ "ಹೂಂ" ಅಂದವು. ಆಸ್ಥಾನದೋರು ಒಂದೊಂದೇ ಹೆಜ್ಜೆ ಹಿಂದೆ ಸರಿದ್ರು.

ಕೊಟ್ಟಿಗೆಯೊಳಗೆ ಬೆರಳುಗಳು ನಿಂತವು. ಬಿದಿರಿಗೆ ಉತ್ತರ ಸಿಕ್ಕಿತಲ್ಲ, ಇನ್ನು ಬಡವರ ತಲೆ ಕೆದಕೋ ಕೆಲಸ ಇಲ್ಲ. ಮುದ್ದೀರಯ್ಯ ಕಣ್ಣು ಉಜ್ಜಿಕೊಂಡು ಆಚೆ ಬಂದ. ಹೆಂಡತೀನ ನೋಡಿ ಹುಬ್ಬು ಗಂಟು ಹಾಕಿದ. "ಏನೇ ಕೇತಿ, ಹೆಸರು ಹಿಡಿದು ಕೂಗ್ತೀಯಾ ನನ್ನ? ನಾಚಿಕೆ ಆಗಲ್ವೇನೇ?" ಕೇತವ್ವ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆ ಮೂರನೇ ಮನೆ ಕೂಸು ಊರು ಹಾರಿಹೋಗೋ ಹಂಗೆ ಕಿರುಚಿ ಹಾಲು ಕೇಳ್ತಂತೆ.

ಆದ್ರೆ ಬಿದಿರು ಮಾತು ಮರೆಯೋ ಜಾತಿಯಲ್ಲ.

ಮೊದಲು ಮೊರಗಳು ಬಂದವು. ಬಟಾಬಯಲ ಬಿಸಿಲಲ್ಲಿ, ಮನೆಮನೆಯಿಂದ ಹೊರಬಿದ್ದು, ಅಂಚಿನ ಮೇಲೆ ಉರುಳಿಕೊಂಡು, ಒಂದರ ಹಿಂದೆ ಒಂದು. ಆಮೇಲೆ ಗೂಡೆಗಳು ಬಂದವು. ಆಮೇಲೆ ತೊಟ್ಟಿಲುಗಳು, ನೆಲ ತೆವಳಿಕೊಂಡು. ಎಲ್ಲಾ ಬಂದು ಅರಸನ ಸುತ್ತ ನಿಂತವು. "ನೋಡಿದ್ರಾ! ಎಲ್ಲಾ ನಂದು!" ಅಂತ ಅವನು ಕುಣಿದ. ಒಂದು ಮೊರ ಹಾರಿ ಬಂದು ಅವನ ಮುಖ ಕೇರೋಕೆ ಶುರು ಮಾಡ್ತು. ಒಂದು ಗೂಡೆ ತಲೆ ಮೇಲೆ ಕವುಚಿಕೊಳ್ತು. ಒಂದು ತೊಟ್ಟಿಲು ಅವನನ್ನ ಒಳಗೆ ಹಾಕಿಕೊಳ್ಳೋಕೆ ಮೊಣಕಾಲಿಗೆ ಗುದ್ದುತಾ ಇತ್ತು. "ಎಳೀರೋ, ಬಿಡಿಸ್ರೋ!" ಅಂತ ಅರಸ ಕಿರುಚಿದ. ಸಿಪಾಯಿಗಳು ಎಷ್ಟು ಎಳೆದ್ರೂ ಬಿಡಲಿಲ್ಲ.

ಕೊನೆಗೆ ಕೊಟ್ಟಿಗೆಯಿಂದ ಎರಡು ಉದ್ದ ಗಳ ಜಾರಿ ಬಂದವು. ಹೆಣೆಯದೆ ಉಳಿದಿದ್ದ ಹಸಿ ಗಳ. ಅರಸನ ಕಾಲ ಹತ್ತಿರ ಅಕ್ಕಪಕ್ಕ ಮಲಗಿದವು. ಅಡ್ಡಕ್ಕೆ ಒಂದು ದಬ್ಬೆ ಬಂತು. ಇನ್ನೊಂದು ಬಂತು. ಮತ್ತೊಂದು ಬಂತು. ಹುರಿ ತಾನೇ ಸುತ್ತಿಕೊಂಡು ಗಂಟು ಬಿತ್ತು. ಮೇದರೆಲ್ಲ ತಲೆ ತಗ್ಗಿಸಿದ್ರು. ಬಿದಿರಿಂದ ಎಲ್ಲರಿಗೂ ಕೊನೇಲಿ ಒಂದು ಸಾಮಾನು ಬೇಕಾಗುತ್ತಲ್ಲ, ಅದು ಅವರಿಗೆ ಗೊತ್ತಿಲ್ವೇ? ಚಟ್ಟ. ಅಳತೆ ಸರಿಯಾಗಿ ಉದ್ದಂಡರಾಯಂದೇ, ಕಿರೀಟ ಬಿಟ್ಟು.

ಅರಸ ಹಂಗೂ ಹಿಂಗೂ ಕೊಸರಿಕೊಂಡು ಓಡಿದ. ಚಟ್ಟ ಸರ್ರ್ ಅಂತ ಹಿಂದೆಯೇ ಬಂತು. ಸಿಂಹಾಸನ ಹತ್ತಿ ಕೂತ. ಅದು ಮೆಟ್ಟಿಲ ಬುಡದಲ್ಲಿ ಮಲಗ್ತು. ಅರಸ ಕೇತವ್ವನ ಕಡೆ ತಿರುಗಿದ.

"ತೆಗೆಯವ್ವ ಇದನ್ನ, ಏನು ಬೇಕಾದ್ರೂ ಕೊಡ್ತೀನಿ" ಅಂದ.

"ನಾನು ಹೇಳಿದ್ರೆ ಕೇಳಲ್ಲ ಬುದ್ದೀ. ನೀವೇ ಹೇಳಬೇಕು. ಯಾವುದು ಯಾರ ಕೈಕೆಲಸ, ಯಾರ ಮನೆಗೆ ಅಂತ. ಒಂದೊಂದಕ್ಕೂ."

ಅರಸನಿಗೆ ಒಂದು ಹೆಸರೂ ಗೊತ್ತಿರಲಿಲ್ಲ! ಕೇಳಿದ ಮೂರು ಹೆಸರೂ ಹೊಟ್ಟೆಕಿಚ್ಚಲ್ಲಿ ಸುಟ್ಟುಹೋಗಿದ್ದವು. ಒಬ್ಬೊಬ್ಬ ಮೇದರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, "ನಿನ್ನ ಹೆಸರೇನಪ್ಪ? ಇದು ನಿಂದೇನವ್ವ?" ಅಂತ ಕೇಳಿದ. ಮೂರು ದಿನ ಕೇಳಿದ. "ನೀನು ಮುದ್ದೀರಯ್ಯ ಹೆಣೆದ ಮೊರ, ಹೊಸಕೆರೆಗೆ ಹೋಗು. ನೀನು ಗುಳ್ಳಪ್ಪ ಹೆಣೆದ ಬುಟ್ಟಿ, ಹೂವಾಡಗಿತ್ತಿ ಮನೆಗೆ ಹೋಗು." ಹೆಸರು ಹೇಳಿದಂಗೆಲ್ಲ ಅದರ ಮೇಲಿನ ಮುದ್ರೆ ಅಳಿಸಿಹೋಗ್ತಿತ್ತು, ಮೊರ ಬರೀ ಮೊರ ಆಗ್ತಿತ್ತು, ಬುಟ್ಟಿ ಬರೀ ಬುಟ್ಟಿ ಆಗ್ತಿತ್ತು.

ಮೂರನೇ ದಿನ ಸಂಜೆಗೆ ಚಟ್ಟ ಒಂದೇ ಉಳೀತು. "ಇದನ್ನ ಹೆಣೆದೋರು ಯಾರು?" ಅಂದ. ಮೇದರು ತಮ್ಮ ತಮ್ಮ ಕೈ ನೋಡಿಕೊಂಡ್ರು. "ಇದು ಯಾರಿಗೆ ಬೇಕು?" ಅಂದ. ಸಿಪಾಯಿಗಳು ನೆಲ ನೋಡಿದ್ರು, ಮಂತ್ರಿ ಚಾವಣಿ ನೋಡಿದ. "ಯಾರಾದ್ರೂ ತಗೊಳ್ರಪ್ಪಾ!" ಅಂತ ಮೂರನೇ ಸಲ ಗೋಗರೆದ. ಕೇತವ್ವ ಕೈ ಮುಗಿದು, "ಅದೊಂದು ನಿಮ್ಮದೇ ಬುದ್ದೀ" ಅಂದಳು. ಗಂಡನ ಕೈ ಹಿಡ್ಕೊಂಡು ಕೇರಿಗೆ ಹೊರಟುಹೋದಳು. ಹಿಂದೆ ಹನ್ನೊಂದು ಮನೆಯೋರೂ ಹೋದ್ರು, ತಡೆಯೋ ಧೈರ್ಯ ಯಾರಿಗಿತ್ತು?

ಉದ್ದಂಡರಾಯ ಆಮೇಲೆ ಬಹಳ ವರ್ಷ ಬದುಕಿದನಂತೆ. ಉಣ್ಣೋಕೆ ಕೂತ್ರೆ ಅದು ಮಗ್ಗುಲಲ್ಲಿ, ಮಲಗಿದ್ರೆ ಮಂಚದ ಪಕ್ಕದಲ್ಲಿ. ಯಾರನ್ನೂ ಏನೂ ಮಾಡಲಿಲ್ಲ ಅದು. ಸುಮ್ಮನೆ ಕಾಯ್ತಿತ್ತು.

ಮಕ್ಕಳೇ, ನೀತಿ ಇಷ್ಟೇ. ಕೈ ಯಾರದೋ ಕೆಲಸ ಅವರದು, ಕೆಲಸದ ಹೆಸರೂ ಅವರದೇ. ಇನ್ನೊಬ್ಬರು ದುಡಿದದ್ದಕ್ಕೆ ನಿಮ್ಮ ಮುದ್ರೆ ಒತ್ತಬೇಡಿ. ಎಲ್ಲಾ ನಂದು ಅಂದೋನಿಗೆ, ಯಾರಿಗೂ ಬೇಡದ ಸಾಮಾನೊಂದೇ ನಿಜವಾಗಿ ಅವನದಾಗಿ ಉಳಿಯುತ್ತೆ.