ಹನ್ನೆರಡು ಎಂಬ ಹೆಸರು

"ಅಯ್ಯನವರೇ, ಗ್ರೀಕಿನಲ್ಲಿ ದೋದೆಕ ಎಂದರೆ ಹನ್ನೆರಡು. ಯೇಸು ಆರಿಸಿಕೊಂಡ ಶಿಷ್ಯರು ಹನ್ನೆರಡು ಮಂದಿ, ಸರಿ. ಅವರಲ್ಲಿ ಯೂದನು ಗುರುವನ್ನೇ ಹಿಡಿದುಕೊಟ್ಟ, ಆಮೇಲೆ ಸತ್ತ. ಉಳಿದವರು ಹನ್ನೊಂದು. ಮತ್ತಾಯನು ತನ್ನ ಸುವಾರ್ತೆಯಲ್ಲಿ ಹನ್ನೊಂದು ಎಂದೇ ಬರೆದಿದ್ದಾನೆ. ಆದರೆ ಪೌಲನು ತನ್ನ ಪತ್ರದಲ್ಲಿ, ಸತ್ತು ಎದ್ದ ಕ್ರಿಸ್ತನು ಶಿಷ್ಯರಿಗೆ ಕಾಣಿಸಿಕೊಂಡದ್ದನ್ನು ಹೇಳುವಾಗ ದೋದೆಕ ಎಂಬ ಮಾತನ್ನೇ ಬಳಸುತ್ತಾನೆ. ಪೌಲನು ಲೆಕ್ಕ ತಪ್ಪಿದನಲ್ಲವೇ?"

ಹೀಗೆ ಕೇಳಿದವನು ಪ್ರಭುದಾಸ. ಆನಂದಪ್ಪ ಅಯ್ಯನವರ ಬಳಿ ಗ್ರೀಕ್ ಕಲಿಯುತ್ತಿದ್ದವರಲ್ಲಿ ಅವನೇ ಚುರುಕು. ಅಯ್ಯನವರು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಕಡಲತೀರದ ಊರೊಂದರಲ್ಲಿ ಒಬ್ಬ ತಂಡೇಲನಿದ್ದ. ದೋಣಿಯನ್ನು ನಡೆಸುವ ಹಿರಿಯನನ್ನು ಅಲ್ಲಿ ತಂಡೇಲ ಎನ್ನುತ್ತಾರೆ. ಅವನು ತನ್ನ ದೊಡ್ಡ ದೋಣಿಗೆ ಹನ್ನೆರಡು ಜನರನ್ನು ಆರಿಸಿಕೊಂಡ. ಬರುಬರುತ್ತಾ ಊರಿನವರು ಅವರನ್ನು ಹನ್ನೆರಡು ಎಂದೇ ಕರೆಯತೊಡಗಿದರು. "ಹನ್ನೆರಡು ಬಂತು" ಎಂದರೆ ಆ ದೋಣಿ ದಡ ಸೇರಿತು ಎಂದು ಅರ್ಥ. ಯಾರಾದರೂ ಜ್ವರ ಬಂದು ಮನೆಯಲ್ಲಿ ಮಲಗಿದ ದಿನವೂ ಜನ ಹಾಗೆಯೇ ಹೇಳುತ್ತಿದ್ದರು.

ಅದೇ ದಡದಲ್ಲಿ ಬಲೆ ಹೆಣೆಯುವವನೊಬ್ಬನಿದ್ದ. ಪ್ರಾಯದಲ್ಲಿ ಅವನೂ ಹೋಗಿ ಆ ದೋಣಿಯಲ್ಲಿ ಜಾಗ ಕೇಳಿದ್ದ. ಜಾಗ ತುಂಬಿದೆ ಎಂದು ತಂಡೇಲ ಹೇಳಿದ್ದ. ಅಂದಿನಿಂದ ಅವನು ಮರಳಿನ ಮೇಲೆ ಕುಳಿತು ಅವರ ಹರಿದ ಬಲೆಗಳನ್ನು ಸರಿಮಾಡುತ್ತಾ ಬಂದ. ಕೈ ಬಲೆಯಲ್ಲಿರುತ್ತಿತ್ತು, ಕಣ್ಣು ದೋಣಿಯಲ್ಲಿರುತ್ತಿತ್ತು. ಕಟ್ಟಕಡೆಯವನಾಗಿ ಸೇರಿ ದೋಣಿಯ ಹಿಂಬದಿಯಲ್ಲಿ ಹುಟ್ಟು ಹಾಕುತ್ತಿದ್ದ ಅಂಬಿಗನನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ಆ ಅಂಬಿಗನ ತೋಳು ತನ್ನ ತೋಳಿಗಿಂತ ಸಣ್ಣದು. ಅವನ ಹುಟ್ಟು ನೀರಿಗೆ ಓರೆಯಾಗಿ ಬೀಳುತ್ತದೆ. ಅಂಥವನು ದೋಣಿಯಿಂದ ಇಳಿದು ಬರುವಾಗ ಹೆಂಗಸರು ದಾರಿ ಬಿಡುತ್ತಾರೆ. ತಾನು ಎದ್ದು ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬಲೆ ಹೆಣೆಯುವವನು ಇದನ್ನು ದಿನವೂ ನೆನೆದು ಒಳಗೊಳಗೇ ಕುದಿಯುತ್ತಿದ್ದ. ಆ ದೋಣಿಯ ಮೀನು ಅವನಿಗೆ ರುಚಿಸುತ್ತಿರಲಿಲ್ಲ.

ಒಂದು ದಿನ ಬಲೆ ನೀರಿನಲ್ಲಿರುವಾಗಲೇ ಗಾಳಿ ಎದ್ದಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಅಂಬಿಗ ಹೆದರಿದ. ಹಿಂದೆ ಕಟ್ಟಿದ್ದ ಸಣ್ಣ ದೋಣಿಯನ್ನು ಬಿಚ್ಚಿಕೊಂಡು, ಜೊತೆಯವರು ಕೂಗುತ್ತಿದ್ದರೂ ತಿರುಗಿ ನೋಡದೆ, ಒಬ್ಬನೇ ದಡ ಸೇರಿದ. ಮಿಕ್ಕವರು ಹೇಗೋ ಬದುಕಿ ಬಂದರು. ಒಬ್ಬನ ಕೈ ಮುರಿದಿತ್ತು. ಅಂಬಿಗ ಮನೆ ಸೇರಿ ಬಾಗಿಲು ಹಾಕಿಕೊಂಡ. ಮತ್ತೆ ಹೊರಗೆ ಕಾಣಿಸಲಿಲ್ಲ.

ಬಲೆ ಹೆಣೆಯುವವನಿಗೆ ಆದ ಸಂತೋಷವನ್ನು ಅವನು ಯಾರಿಗೂ ತೋರಿಸಲಿಲ್ಲ. ತಲೆ ಬಾಚಿಕೊಂಡು, ಒಗೆದ ಪಂಚೆ ಉಟ್ಟು ತಂಡೇಲನ ಬಳಿ ಹೋದ.

"ತಂಡೇಲರೇ, ನೀವೀಗ ಹನ್ನೊಂದು ಜನ. ನನ್ನನ್ನು ಸೇರಿಸಿಕೊಳ್ಳಿ."

"ನಾವು ಹನ್ನೆರಡೇ," ಎಂದ ತಂಡೇಲ. "ಅವನಿಗೆ ನಾಚಿಕೆಯಾಗಿದೆ. ಅದಕ್ಕೆ ಮನೆಯಲ್ಲಿದ್ದಾನೆ." ಆಮೇಲೆ ಒಂದು ಬುಟ್ಟಿಯಲ್ಲಿ ಮೀನು ತುಂಬಿಸಿ ಅವನ ಕೈಗೆ ಕೊಟ್ಟ. "ಇದು ಅವನ ಪಾಲು. ಅವನ ಮನೆಯ ದಾರಿಯಲ್ಲೇ ಹೋಗುತ್ತೀಯಲ್ಲ, ಕೊಟ್ಟುಬಿಡು. ಅವನ ಜಾಗ ಹಾಗೇ ಇದೆ, ಬೆಳಿಗ್ಗೆ ಬರಲಿ ಎಂದು ಹೇಳು."

ಬಲೆ ಹೆಣೆಯುವವನು ಬುಟ್ಟಿ ಹೊತ್ತು ನಡೆದ. ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ. ಇಷ್ಟು ವರ್ಷ ಬಿಸಿಲಿನಲ್ಲಿ ಕುಳಿತು ಬಲೆ ಹೆಣೆದ ತನಗೆ ಇಲ್ಲದ ಜಾಗ, ನಡುಗಡಲಿನಲ್ಲಿ ಬಿಟ್ಟು ಓಡಿದವನಿಗೆ ಇದೆ. ದೋಣಿಯಲ್ಲಿ ಕುಳಿತಿದ್ದವನ ಮೇಲೆ ಇದ್ದ ಅಸೂಯೆಗಿಂತ, ಬಾಗಿಲು ಹಾಕಿಕೊಂಡು ಕುಳಿತವನ ಮೇಲಿನ ಅಸೂಯೆ ದೊಡ್ಡದಾಯಿತು.

ಅಂಬಿಗನೇ ಬಾಗಿಲು ತೆರೆದ. ಕಣ್ಣು ಗುಳಿಬಿದ್ದಿತ್ತು. ಮೀನನ್ನು ಅವನು ನೋಡಲಿಲ್ಲ, ಯಾರು ಕಳಿಸಿದ್ದೆಂದು ಕೇಳಲೂ ಇಲ್ಲ. ಅವನು ಕೇಳಿದ್ದು ಬೇರೆ.

"ಅಣ್ಣಾ, ದೋಣಿಯವರು ಈಗ ಎಷ್ಟು ಜನ?"

ಬಲೆ ಹೆಣೆಯುವವನು ಬುಟ್ಟಿಯನ್ನು ಹೊಸ್ತಿಲ ಮೇಲೆ ಇಟ್ಟ. ಹೇಳಬೇಕಾಗಿದ್ದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡ.

"ಹನ್ನೊಂದು," ಎಂದ.

ಅಂಬಿಗ ತಲೆಯಾಡಿಸಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ತಂಡೇಲ, ಹೇಳಿದೆಯಾ ಎಂದು ವಿಚಾರಿಸಿದಾಗ ಬಲೆ ಹೆಣೆಯುವವನು, ಮೀನು ಕೊಟ್ಟು ಬಂದೆ ಎಂದಷ್ಟೇ ಹೇಳಿ ತಲೆ ತಗ್ಗಿಸಿ ಗಂಟು ಹಾಕತೊಡಗಿದ. ಅಷ್ಟರಲ್ಲಿ ಅಂಬಿಗನ ಹೆಂಡತಿ ಓಡುತ್ತಾ ಬಂದಳು. ಗಂಡ ಮನೆಯಲ್ಲಿಲ್ಲ, ಎಲ್ಲಿಗೆ ಹೋದನೋ ತಿಳಿಯದು ಎಂದಳು. ದೋಣಿಯವರೆಲ್ಲ ಆ ದಿನ ಕಡಲಿಗೆ ಇಳಿಯದೆ ಅವನನ್ನು ಹುಡುಕಿದರು. ಮುರಿದ ಕೈಯವನೂ ಅವರೊಡನೆ ಹೊರಟ. ಅಂಬಿಗ ಸಿಕ್ಕಿದ. ಹೊಳೆ ಕಡಲು ಸೇರುವ ಅಳಿವೆಯ ಆಚೆ, ಬಂಡೆಗಳ ನಡುವೆ ಅವನ ಶವವನ್ನು ಕಡಲು ತಂದು ಹಾಕಿತ್ತು.

ಒಂದು ಮಳೆಗಾಲ ಕಳೆಯಿತು. ದೋಣಿ ನಡೆಸಲು ಆಳು ಬೇಕಿತ್ತು. ತಂಡೇಲ ಬಲೆ ಹೆಣೆಯುವವನನ್ನು ಕರೆದು ಹಿಂಬದಿಯ ಹುಟ್ಟು ಕೊಟ್ಟ. ಅವನು ಚೆನ್ನಾಗಿಯೇ ದುಡಿದ. ಅವನ ಹುಟ್ಟು ನೀರಿಗೆ ನೇರವಾಗಿ ಬೀಳುತ್ತಿತ್ತು. ದೋಣಿ ದಡಕ್ಕೆ ಬಂದಾಗ ಜನ, "ಹನ್ನೆರಡು ಬಂತು" ಎಂದರು. ಅವನಿಲ್ಲದಾಗಲೂ ಅವರು ಅನ್ನುತ್ತಿದ್ದುದು ಅದನ್ನೇ. ತಾನು ಸೇರಿದ್ದರಿಂದ ಆ ಮಾತು ಒಂದಿಷ್ಟೂ ದೊಡ್ಡದಾಗಲಿಲ್ಲ ಎಂದು ಅವನಿಗೆ ಕಂಡಿತು. ಸಂಜೆ ದೋಣಿಯನ್ನು ಮೇಲಕ್ಕೆ ಎಳೆದ ಮೇಲೆ ತಂಡೇಲ ಅಳಿವೆಯ ಕಡೆಗೆ ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಆಗ ಬಲೆ ಹೆಣೆಯುವವನ ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು ಏಳುತ್ತಿತ್ತು. ಜಾಗ ಸಿಕ್ಕಿತ್ತು. ಸತ್ತವನ ಮೇಲಿನ ಹೊಟ್ಟೆಕಿಚ್ಚು ಹಾಗೇ ಉಳಿಯಿತು.

ಅಯ್ಯನವರು ಕತೆ ನಿಲ್ಲಿಸಿದರು. ಪ್ರಭುದಾಸನ ಮುಖ ಕೆಂಪಾಗಿತ್ತು.

"ಒಂದು ಸುಳ್ಳು ಹೇಳಿ ಅವನು ಒಬ್ಬನ ಜೀವ ತೆಗೆದ," ಎಂದ.

"ಸುಳ್ಳು ಎಲ್ಲಿ ಹೇಳಿದನಪ್ಪಾ," ಎಂದರು ಅಯ್ಯನವರು, "ನಿನ್ನ ಹಾಗೆಯೇ ಎಣಿಸಿ ಹೇಳಿದ."